ಹಳೇ ಡಿಐ ಪಿಕಪ್‌ಗೆ ಕಾಮನ್ ರೈಲ್ ಗಾಡಿಯ ಡೀಸೆಲ್ ಟ್ಯಾಂಕ್ ಕೂರುತ್ತಾ?

ಹೊಸನಗರ ಪಿಕಪ್:

ಗಾಡಿ 2004ರ ಡಿಐ (ನೇರ ಇಂಜೆಕ್ಷನ್ ಡೀಸೆಲ್) ಪಿಕಪ್, ಮೆಕ್ಯಾನಿಕಲ್ ಪಂಪ್. ಡೀಸೆಲ್ ಟ್ಯಾಂಕಿನ ತಳ, ಪಟ್ಟಿ ಕೂರುವ ಜಾಗದಲ್ಲೇ ತುಕ್ಕು ತಿಂದು ಜಿನುಗ್ತಿದೆ. ಎರಡು ಸಲ ಎಂ-ಸೀಲ್ ಹಾಕಿದ್ದು ನಿಂತಿಲ್ಲ. ಗುಜರಿಯಲ್ಲಿ ಅದೇ ಕಂಪನಿಯ 2013ರ ಕಾಮನ್ ರೈಲ್ (ಎಲ್ಲಾ ಇಂಜೆಕ್ಟರಿಗೂ ಒಂದೇ ಹೆಚ್ಚು ಒತ್ತಡದ ಪೈಪಿಂದ ಡೀಸೆಲ್ ಹೋಗುವ) ಪಿಕಪ್ಪಿನ ಟ್ಯಾಂಕ್ ಸಿಗ್ತಿದೆ, ಹೊರಗಡೆ ತುಕ್ಕಿಲ್ಲ. ಅಳತೆ ತಗೊಂಡೆ.

ಹಳೇದು: ಉದ್ದ 66 ಸೆಂ.ಮೀ., ಅಗಲ 38, ಆಳ 24.
ಗುಜರಿದು: ಉದ್ದ 84, ಅಗಲ 36, ಆಳ 20.

ಎರಡೂ ಚಾಸಿ ಪಕ್ಕಕ್ಕೆ ಉದ್ದುದ್ದ ಕೂರುವಂಥವು. ಲೆಕ್ಕ ಹಾಕಿದರೆ ಎರಡೂ 60 ಲೀಟರೇ ಬರುತ್ತೆ. ಹಳೇದಕ್ಕೆ ಗಾಳಿ ಆಡೋದು ಮುಚ್ಚಳದಲ್ಲಿ, ಹೊಸದಕ್ಕೆ ಮೇಲ್ಗಡೆ ಬೇರೆ ಸಣ್ಣ ಪೈಪ್ ಇದೆ. ಹಳೇದರ ಫ್ಲೋಟ್ (ಮೀಟರಿಗೆ ಡೀಸೆಲ್ ಮಟ್ಟ ತಿಳಿಸುವ ತೇಲುಬುಂಡೆ) ಪ್ಲೇಟಿಗೆ 5 ಸ್ಕ್ರೂ, ಹೊಸದಕ್ಕೆ 6. ಗಾಡಿ ಅಡಿಕೆ ಮೂಟೆ ಹೊತ್ತು ಆಗುಂಬೆ, ಹುಲಿಕಲ್ ಎರಡೂ ಘಾಟಿ ಹತ್ತೋದು. ಪಟ್ಟಿ, ಬ್ರಾಕೆಟ್ ಹೊಂದಿಸಿದರೆ ಸಾಕಾ? ಪೈಪ್, ಮೀಟರ್ ಕಡೆ ಏನೇನು ನೋಡ್ಕೋಬೇಕು?


ಡೀಸೆಲ್ ಲೈನ್:

ಬ್ರಾಕೆಟ್ ಹೊಂದಿಸೋದು ಇದರಲ್ಲಿ ಸುಲಭದ ಕೆಲಸ. ಕಷ್ಟ ಕೊಡೋದು ಟ್ಯಾಂಕಿನ ತಲೆ, ಅಂದ್ರೆ ಫ್ಲೋಟ್, ಎಳೆಯುವ ಪೈಪ್, ವಾಪಸ್ ಪೈಪ್ ಇರುವ ಆ ಪ್ಲೇಟು. ಬೇರೆ ಬೇರೆ ವರ್ಷದ ಮಾಡೆಲ್ ನಡುವೆ ಟ್ಯಾಂಕ್ ಬದಲಿಸುವಾಗ ಡಬ್ಬ ಮಾತ್ರ ಬದಲಿಸಿ, ತಲೆ ನಿಮ್ಮ ಗಾಡಿದೇ ಇರಲಿ. ಬೊಲೆರೊ ಆಗಲಿ, ಟಾಟಾ 207 ಆಗಲಿ, ಇದರಲ್ಲಿ ವ್ಯತ್ಯಾಸ ಇಲ್ಲ.

ಯಾಕೆ ಅಂದ್ರೆ, ಕೆಲವು ಕಾಮನ್ ರೈಲ್ ಮಾಡೆಲ್‌ನಲ್ಲಿ ಟ್ಯಾಂಕಿನ ಒಳಗೇ ಕರೆಂಟ್ ಪಂಪ್ ಇರುತ್ತೆ. ಆ ತಲೆಯನ್ನೇ ಡಿಐಗೆ ಇಟ್ಟು ಪಂಪಿಗೆ ಕರೆಂಟ್ ಕೊಡದೇ ಬಿಟ್ಟರೆ, ನಿಮ್ಮ ಫೀಡ್ ಪಂಪ್ ಆ ನಿಂತ ಪಂಪಿನ ಮೂಲಕವೇ ಡೀಸೆಲ್ ಎಳೀಬೇಕು. ಖಾಲಿ ಗಾಡಿಯಲ್ಲಿ ಏನೂ ಗೊತ್ತಾಗಲ್ಲ. ಲೋಡ್ ಹಾಕಿ ಘಾಟಿ ಹತ್ತುವಾಗ ಎಂಜಿನ್ನಿನ ಎಳೆತ ಸಾಯುತ್ತೆ, ಎಲ್ಲರೂ ನೋಜಲ್ ಬಿಚ್ಚೋಕೆ ಶುರು ಮಾಡ್ತಾರೆ. ಒಳಗೆ ಪಂಪ್ ಇಲ್ಲದ ಮಾಡೆಲ್ ಆದರೂ ಸರಿ, ಎಳೆಯುವ ಪೈಪಿನ ಒಳ ವ್ಯಾಸ ವರ್ನಿಯರ್‌ನಲ್ಲಿ ನೋಡಿ. ನಿಮ್ಮ ಲೈನಿಗಿಂತ ಒಂದು ಮಿಲಿಮೀಟರ್ ಕೂಡ ಸಣ್ಣದು ಆಗಬಾರದು.

ಈಗ ನಿಮ್ಮ ಹಳೇ ಪೈಪು ಹೊಸ ಡಬ್ಬದಲ್ಲಿ. 24 ಸೆಂ.ಮೀ. ಆಳಕ್ಕೆ ಮಾಡಿದ ಪೈಪ್ 20 ಸೆಂ.ಮೀ. ಟ್ಯಾಂಕಿನ ತಳಕ್ಕೆ ಕುಟ್ಟುತ್ತೆ. ಒತ್ತಿ ಸ್ಕ್ರೂ ಹಾಕಿದರೆ ಬಾಯಿ ತಳಕ್ಕೆ ಅಂಟಿ ಡೀಸೆಲ್ ಕಮ್ಮಿ ಬರುತ್ತೆ, ಬರೋದೂ ತಳದ ನೀರು, ಕೆಸರು. ಪೈಪಿನ ತುದಿ ತಳದಿಂದ 15 ಮಿ.ಮೀ. ಮೇಲೆ ನಿಲ್ಲುವಂತೆ ಕತ್ತರಿಸಿ, ಓರೆಯಾಗಿ ಕತ್ತರಿಸಿ, ಜಾಲರಿ ಇದ್ದರೆ ವಾಪಸ್ ಹಾಕಿ. ಆ 15 ಮಿ.ಮೀ. ಅನ್ನೋದು 84 × 36ರ ತಳದಲ್ಲಿ ನಾಲ್ಕೂವರೆ ಲೀಟರ್. ಹಳೇ ಟ್ಯಾಂಕಿನಲ್ಲಿ ಅದು ಮುಕ್ಕಾಲು ಲೀಟರ್ ಕಮ್ಮಿ ಇತ್ತು. ಎರಡೂ 60 ಲೀಟರ್ ಅಂದ್ರೂ ಬಳಕೆಗೆ ಸಿಗೋದು ಒಂದೇ ಅಲ್ಲ.

ಘಾಟಿ ಅಂತ ಹೇಳಿದಿರಲ್ಲ, ಅದು ಮುಖ್ಯ. ಹತ್ತಕ್ಕೆ ಒಂದರ ಏರು ಅಂತ ಇಟ್ಕೊಳ್ಳಿ. 84 ಸೆಂ.ಮೀ. ಉದ್ದದ ಟ್ಯಾಂಕಿನಲ್ಲಿ ಮುಂದಿನ ತುದಿಗೂ ಹಿಂದಿನ ತುದಿಗೂ ಡೀಸೆಲ್ ಮಟ್ಟ 8.4 ಸೆಂ.ಮೀ. ವ್ಯತ್ಯಾಸ ಬರುತ್ತೆ. ಎಳೆಯುವ ಪೈಪ್ ಟ್ಯಾಂಕಿನ ನಡುವೆ ಇದ್ದರೆ ಸುಮಾರು 6 ಲೀಟರ್ ಇರುವ ತನಕ ಗಾಳಿ ಎಳೆಯಲ್ಲ. ಮುಂದಿನ ತುದಿಯಲ್ಲಿದ್ದರೆ 17 ಲೀಟರ್ ಇದ್ದಾಗಲೇ ಪೈಪ್ ಒಣಗುತ್ತೆ. ಕೊಳ್ಳುವ ಮೊದಲು ತಲೆಯ ತೂತು ಎಲ್ಲಿದೆ ನೋಡಿ. ಮುಂದೆ ಇದ್ದು, ಬ್ರಾಕೆಟ್, ಡೀಸೆಲ್ ತುಂಬುವ ಬಾಯಿ ಎರಡೂ ಒಪ್ಪುವಂತಿದ್ದರೆ ಟ್ಯಾಂಕ್ ತಿರುಗಿಸಿ ಹಾಕಬಹುದು. ಇಲ್ಲ ಅಂದ್ರೆ ಆ ಟ್ಯಾಂಕ್ ಬೇಡ ಅಂತಲೇ ಹೇಳ್ತೀನಿ. ಹೇರ್‌ಪಿನ್ ತಿರುವಿನಲ್ಲಿ ಡೀಸೆಲ್ ಪಕ್ಕಕ್ಕೂ ಓಡುತ್ತೆ, ಆಗುಂಬೆಯಲ್ಲಿ ಅಂಥ 14 ತಿರುವು. ಅಲುಗಾಡಿಸಿ ನೋಡಿದಾಗ ಒಳಗಿನ ತಡೆಗೋಡೆ ಕಳಚಿ ಬಡಿಯುವ ಶಬ್ದ ಬಂದರೆ ಅದನ್ನೂ ಬಿಡಿ.

ವಾಪಸ್ ಲೈನು: ತಲೆಯಿಂದ ಟ್ಯಾಂಕಿನೊಳಗೆ ಕೆಳಗಿನವರೆಗೂ ಪೈಪ್ ಇಳಿದಿರಬೇಕು, ಎಳೆಯುವ ಬಾಯಿಂದ ದೂರ ಬಿಡಬೇಕು. ಮೇಲಿಂದ ಸುರಿದರೆ ನೊರೆ ಎದ್ದು ಅದೇ ಗಾಳಿ ಎಳೆಯುವ ಪೈಪಿಗೆ ಹೋಗುತ್ತೆ. ಲೈನಿನಲ್ಲಿ ಎಲ್ಲಾದರೂ ಸಣ್ಣ ಗಾಳಿ ಜಾಗ ಇದ್ದರೆ, ಮೇಲೇ ನಿಂತ ವಾಪಸ್ ಪೈಪಿಂದ ರಾತ್ರಿಯೆಲ್ಲ ಡೀಸೆಲ್ ಟ್ಯಾಂಕಿಗೆ ಇಳಿದು ಬೆಳಿಗ್ಗೆ ಸ್ಟಾರ್ಟ್ ತ್ರಾಸಾಗುತ್ತೆ. ಎರಡು ಪೈಪ್ ಅದಲು ಬದಲು ಆಗದ ಹಾಗೆ ಬಿಚ್ಚುವಾಗಲೇ ಒಂದಕ್ಕೆ ಬಣ್ಣದ ಗುರುತು ಹಾಕಿ. ಬ್ಯಾಂಜೊ ಬೋಲ್ಟಿನ (ಒಳಗಿನ ತೂತಿಂದ ಡೀಸೆಲ್ ಹರಿಯುವ ಬೋಲ್ಟ್) ತಾಮ್ರದ ವಾಷರ್ ಪ್ರತಿ ಸಲ ಹೊಸದು, ಒಂದು ಬೋಲ್ಟಿಗೆ ಎರಡು. ಬೋಲ್ಟಿನ ಮರೆ (ಸುತ್ತಿನ ಗೆರೆ) ಪಿಚ್ ಗೇಜಿನಲ್ಲಿ ನೋಡದೇ ತಿರುಗಿಸಬೇಡಿ. 1.5 ಇರುವ ಕಡೆ 1.25 ಹಾಕಿದರೆ ಎರಡು ಸುತ್ತು ಸಲೀಸು, ಮೂರನೇದಕ್ಕೆ ಮರೆ ಹೋಯ್ತು.

ಗಾಳಿ ಆಡುವ ದಾರಿ: ನಿಮ್ಮ ಹಳೇ ಮುಚ್ಚಳ ಹೊಸ ಬಾಯಿಗೆ ಕೂರದಿದ್ದರೆ ಹೊಸ ಮಾಡೆಲ್ ಮುಚ್ಚಳ ಹಾಕ್ತೀರಿ. ಅದಕ್ಕೆ ಉಸಿರಾಡುವ ತೂತು ಇಲ್ಲದೇ ಹೋಗಬಹುದು, ಅದರ ಉಸಿರು ಆ ಸಣ್ಣ ಪೈಪಿನಲ್ಲಿ. ಆ ಪೈಪಿಗೆ ಬಿರಡೆ ಹಾಕಿ ಬಿಟ್ಟರೆ 20–30 ಕಿ.ಮೀ. ಆದ ಮೇಲೆ ಗಾಡಿ ಎಳೆಯೋದು ಬಿಡುತ್ತೆ, ಮುಚ್ಚಳ ತೆಗೆದರೆ ಸುಂಯ್ ಅಂತ ಶಬ್ದ, ಮತ್ತೆ ಸರಿ. ಹಾಗೇ ಓಡಿಸ್ತಾ ಇದ್ದರೆ ಟ್ಯಾಂಕಿನ ಗೋಡೆ ಒಳಕ್ಕೆ ಸೆಳೆದು ತಗ್ಗಾಗುತ್ತೆ. ಸಣ್ಣ ಪೈಪಿಗೆ ಡೀಸೆಲ್ ಹೋಸ್ ಹಾಕಿ, ಚಾಸಿಯ ಮೇಲ್ಮಟ್ಟಕ್ಕಿಂತ ಎತ್ತರಕ್ಕೆ ಒಯ್ದು, ತುದಿಯನ್ನು ಕೆಳಮುಖ ಬಗ್ಗಿಸಿ ಕಟ್ಟಿ. ಹಳ್ಳ ದಾಟುವಾಗ, ಮಳೆಯಲ್ಲಿ ನೀರು ನುಗ್ಗಬಾರದು.


ವೈರಿಂಗ್ ಶಿವಮೊಗ್ಗ:

ಮೀಟರ್ ವಿಷಯ ನಾನು ಹೇಳ್ತೀನಿ. ಲೈನಣ್ಣ ಹೇಳಿದ ಹಾಗೆ ನಿಮ್ಮದೇ ಫ್ಲೋಟ್ ಉಳಿಸ್ಕೊಳ್ಳಿ, ಆದರೆ ಹಾಗೇ ಇಡೋಕಾಗಲ್ಲ. ಹಳೇ ಟ್ಯಾಂಕಿನ ಆಳ 24, ಫ್ಲೋಟಿನ ಕೀಲು ಪ್ಲೇಟಿನಿಂದ 12 ಸೆಂ.ಮೀ. ಕೆಳಗೆ, ಕೈ ಸುಮಾರು 17 ಸೆಂ.ಮೀ. ಅಂತ ಇಟ್ಕೊಳ್ಳಿ, ಕೈ ಮೇಲೆ 45 ಡಿಗ್ರಿ, ಕೆಳಗೆ 45 ಡಿಗ್ರಿ ಆಡುತ್ತೆ. ಇದನ್ನು 20 ಸೆಂ.ಮೀ. ಟ್ಯಾಂಕಿಗೆ ಇಟ್ಟರೆ ಕೀಲಿನ ಕೆಳಗೆ ಉಳಿಯೋದು 8 ಸೆಂ.ಮೀ. ಮಾತ್ರ. ಕೈ 28 ಡಿಗ್ರಿ ಇಳಿದಾಗಲೇ ತಳ ಮುಟ್ಟುತ್ತೆ. ಟ್ಯಾಂಕ್ ಒಣಗಿದೆ, ಮುಳ್ಳು ಮಾತ್ರ ಐದರಲ್ಲಿ ಒಂದು ಭಾಗ ತೋರಿಸ್ತಾ ನಿಂತಿದೆ. 60 ಲೀಟರಿನ ಲೆಕ್ಕದಲ್ಲಿ 12 ಲೀಟರ್ ಇದೆ ಅಂತ ನಂಬಿ ಘಾಟಿ ಹತ್ತೋಕೆ ಹೋಗ್ತೀರಿ.

ಸರಿ ಮಾಡೋದು ಹೀಗೆ. ಕೀಲು ಹೊತ್ತ ಪಟ್ಟಿಯನ್ನು ಗಿಡ್ಡ ಮಾಡಿ, ಕೀಲು ಪ್ಲೇಟಿನಿಂದ 10 ಸೆಂ.ಮೀ.ಗೆ ಬರಲಿ. ಕೈಯನ್ನು ಆಳದ 0.7 ಪಾಲಿಗೆ, ಅಂದ್ರೆ 14 ಸೆಂ.ಮೀ.ಗೆ ಬಗ್ಗಿಸಿ ಕಟ್ಟಿ. ಫ್ಲೋಟಿನ ದಪ್ಪ ಲೆಕ್ಕ ಹಿಡಿದು ಮೇಲೂ ಕೆಳಗೂ ಸ್ವಲ್ಪ ಜಾಗ ಬಿಡಿ. ಕೈ ತಡೆಗೋಡೆಗೆ ತಾಗದ ದಿಕ್ಕಿನಲ್ಲಿ ಕೂರಿಸಿ. ಟ್ಯಾಂಕಿಗೆ ಇಳಿಸುವ ಮೊದಲು ಮೇಜಿನ ಮೇಲೆ ಓಮ್ ಮೀಟರ್ ಹಿಡಿದು ನಿಧಾನ ಆಡಿಸಿ, ಅಂಕಿ ಒಂದೇ ಸಮ ಏರಬೇಕು. ಮಧ್ಯೆ ಹಾರಿದರೆ ಒಳಗಿನ ತಂತಿ ಸವೆದಿದೆ.

ಹೊಸ ಟ್ಯಾಂಕಿನ ಫ್ಲೋಟನ್ನೇ ಹಾಕೋದಾದರೆ ಮೊದಲು ಎರಡರದ್ದೂ ಖಾಲಿ ಓಮ್, ಫುಲ್ ಓಮ್ ಬರ್ಕೊಳ್ಳಿ. ಮಾಡೆಲ್ ಬದಲಾದರೆ ಇದು ಬದಲಾಗಿರಬಹುದು, ಒಂದೇ ಕಂಪನಿ ಆದರೂ. ಜಗತ್ತಿನಲ್ಲೇ ಒಂದು ಲೆಕ್ಕ ಇಲ್ಲ: ವಿಡಿಒ ಕಂಪನಿಯ ಫ್ಲೋಟಿನಲ್ಲಿ ಖಾಲಿಗೆ 10 ಓಮ್, ಫುಲ್‌ಗೆ 180. ಅಮೆರಿಕದ ಹಳೇ ಜಿಎಂ ಗಾಡಿಗಳಲ್ಲಿ 0 ಇಂದ 90. ಇನ್ನೊಂದು ಬಗೆಯಲ್ಲಿ ಉಲ್ಟಾ, ಖಾಲಿಗೆ 240, ಫುಲ್‌ಗೆ 33. ಉಲ್ಟಾ ಇರೋದನ್ನು ಹಾಕಿದರೆ ಡೀಸೆಲ್ ತುಂಬಿದಾಗ ಮುಳ್ಳು ಖಾಲಿಗೆ ಹೋಗುತ್ತೆ, ಅದನ್ನು ರೆಸಿಸ್ಟರ್ ಹಾಕಿ ಸರಿ ಮಾಡೋಕೆ ಆಗಲ್ಲ.

ರೆಸಿಸ್ಟರ್ ಒಂದು ಹಾಕಿ ಹೊಂದಿಸ್ತೀನಿ ಅನ್ನೋರು ಇದ್ದಾರೆ. 10–180ರ ಫ್ಲೋಟಿಗೆ ಅಡ್ಡಲಾಗಿ 180 ಓಮ್ ಹಾಕಿ 0–90ರ ಮೀಟರಿಗೆ ಕೊಟ್ಟರೆ ಫುಲ್‌ನಲ್ಲಿ 90 ಬರುತ್ತೆ, ನೋಡೋಕೆ ಸರಿ. ಆದರೆ ಅರ್ಧ ಟ್ಯಾಂಕಿನಲ್ಲಿ 45 ಬರಬೇಕಾದ ಕಡೆ 62 ಬರುತ್ತೆ, ಮುಳ್ಳು ಮುಕ್ಕಾಲಿನ ಹತ್ತಿರ. ಖಾಲಿಯಲ್ಲೂ 9.5 ಉಳಿಯೋದರಿಂದ ಮುಳ್ಳು ತಳ ಮುಟ್ಟಲ್ಲ. ತಪ್ಪು ತೋರಿಸೋದು ಯಾವಾಗಲೂ ಹೆಚ್ಚಿಗೆ, ಅದೇ ಅಪಾಯ.

ಅರ್ತ್ ಮರೀಬೇಡಿ. ಟ್ಯಾಂಕ್ ರಬ್ಬರ್ ಮೇಲೆ ಕೂರುತ್ತೆ, ಪಟ್ಟಿಗೂ ರಬ್ಬರ್, ಹೋಸೂ ರಬ್ಬರ್, ಹಾಗಾಗಿ ಟ್ಯಾಂಕಿಗೆ ಚಾಸಿಯ ಅರ್ತ್ ಸಿಗಲ್ಲ. ಫ್ಲೋಟ್ ಪ್ಲೇಟಿನ ಒಂದು ಸ್ಕ್ರೂವಿನಿಂದ ಚಾಸಿಗೆ 1.5 ಸ್ಕ್ವೇರ್ ಎಂ.ಎಂ. ವೈರ್ ಎಳೆಯಿರಿ, ಎರಡೂ ಕಡೆ ಪೇಂಟ್ ಕೆರೆದು ಗ್ರೀಸ್ ಹಚ್ಚಿ. ಮಳೆಗಾಲದಲ್ಲಿ ಮೀಟರ್ ಕುಣಿಯೋದಕ್ಕೆ ಮೊದಲು ನೋಡಬೇಕಾದ ಜಾಗ ಇದು.


ತೀರ್ಥಹಳ್ಳಿ ಟಿಂಕರ್:

ಹೊರಗೆ ತುಕ್ಕಿಲ್ಲ ಅಂದಿರಿ ಮಾರಾಯ್ರೆ, ಒಳಗೆ ನೋಡಿದಿರಾ? ಫ್ಲೋಟಿನ ತೂತಿಂದ ಟಾರ್ಚ್ ಬಿಡಿ, ಮೊಬೈಲ್ ಕ್ಯಾಮೆರಾ ಹಿಡಿಯಿರಿ. ಗುಜರಿಯಲ್ಲಿ ಒಂದು ಮಳೆಗಾಲ ಮುಚ್ಚಳ ಇಲ್ಲದೇ ಬಿದ್ದಿದ್ದರೆ ಮುಗೀತು. ನಮ್ಮ ಕಡೆ ಮಳೆ ಎಷ್ಟು ಅಂತ ಹೇಳಬೇಕಿಲ್ಲ, ಆಗುಂಬೆಯಲ್ಲಿ ವರ್ಷಕ್ಕೆ 7000 ಮಿ.ಮೀ. ದಾಟುತ್ತೆ. ತಳದಲ್ಲಿ ಕಪ್ಪು ಲೋಳೆ ಕಂಡರೆ ಅದು ಡೀಸೆಲ್‌ಗೂ ನೀರಿಗೂ ನಡುವೆ ಬೆಳೆಯುವ ಸೂಕ್ಷ್ಮಜೀವಿ. ತೊಳೆದರೆ ಹೋಗುತ್ತೆ, ಆದರೆ ಮೂಲೆ ಮೂಲೆ ತೊಳೀಬೇಕು.

ಒಳಗೆ ತೆಳು ತುಕ್ಕು ಇದ್ದರೆ ಎರಡು ದಾರಿ. ಬಿಸಿನೀರು, ಸೋಪಿನಪುಡಿ ಹಾಕಿ ಡೀಸೆಲ್ ಜಿಡ್ಡು ಪೂರ್ತಿ ತೆಗೀರಿ, ಜಿಡ್ಡು ಇದ್ದರೆ ಮುಂದಿನದು ಯಾವುದೂ ಹಿಡಿಯಲ್ಲ. ಆಮೇಲೆ ಲೀಟರ್ ನೀರಿಗೆ 50 ಗ್ರಾಂ ಸಿಟ್ರಿಕ್ ಆಸಿಡ್, ಅಂಗಡಿಯಲ್ಲಿ ನಿಂಬೆ ಉಪ್ಪು ಅಂತ ಕೇಳಿ. 60 ಲೀಟರ್ ತುಂಬೋಕೆ 3 ಕೆ.ಜಿ. ಬೇಕು. 12 ಗಂಟೆ ಬಿಟ್ಟು ನೋಡಿ, ಬೇಕಿದ್ದರೆ 24. ಅದಕ್ಕಿಂತ ಜಾಸ್ತಿ ಬಿಟ್ಟರೆ ಒಳ್ಳೇ ಕಬ್ಬಿಣವನ್ನೂ ತಿನ್ನುತ್ತೆ. ಇನ್ನೊಂದು, ಕಾಕಂಬಿ ಒಂದು ಪಾಲು, ನೀರು ಒಂಬತ್ತು ಪಾಲು, ಎರಡು ಮೂರು ವಾರ. ನಾತ ಹೊಡೆಯುತ್ತೆ, ಆದರೆ ತುಕ್ಕನ್ನು ನಿಧಾನಕ್ಕೆ ಬಿಡಿಸುತ್ತೆ. ಯಾವುದೇ ಆದರೂ ಕೊನೆಗೆ ಅಡಿಗೆ ಸೋಡಾ ನೀರಿನಲ್ಲಿ ತೊಳೆದು, ಕೂಡಲೇ ಗಾಳಿ ಹೊಡೆದು ಒಣಗಿಸಿ, ಒಂದೆರಡು ಲೀಟರ್ ಡೀಸೆಲ್ ಹಾಕಿ ಎಲ್ಲಾ ಗೋಡೆಗೂ ತಾಗುವ ಹಾಗೆ ಉರುಳಿಸಿ. ಅರ್ಧ ದಿನ ಒದ್ದೆ ಬಿಟ್ಟರೂ ಕೆಂಪು ತುಕ್ಕು ವಾಪಸ್ ಬರುತ್ತೆ.

ತುಕ್ಕು ಹೊಪ್ಪಳೆ ಎದ್ದಿದ್ದರೆ, ಸ್ಕ್ರೂಡ್ರೈವರಿನಲ್ಲಿ ಕುಟ್ಟಿದಾಗ ಟಣ್ ಅನ್ನದೇ ದಬ್ ಅಂದರೆ, ತಗೋಬೇಡಿ.

ಸೋರಿಕೆ ಪರೀಕ್ಷೆ: ಎಲ್ಲಾ ತೂತಿಗೂ ಬಿರಡೆ, ಸೈಕಲ್ ಪಂಪಿನಲ್ಲಿ 0.2 ಬಾರ್ ಗಾಳಿ, ಅಂದ್ರೆ 3 ಪಿಎಸ್‌ಐ, ಹೊಲಿಗೆಗೆಲ್ಲ ಸೋಪಿನ ನೀರು. ಕಂಪ್ರೆಸರ್ ಮಾತ್ರ ಹಚ್ಚಬೇಡಿ. 0.2 ಬಾರ್ ಅಂದ್ರೆ ಸಣ್ಣದು ಅನಿಸುತ್ತೆ, ಆದರೆ 84 × 36ರ ತಗಡಿನ ಮೇಲೆ ಅದು ಸುಮಾರು 600 ಕೆ.ಜಿ. ಒತ್ತಡ. ಇನ್ನೂ ಏರಿಸಿದರೆ ಟ್ಯಾಂಕ್ ಉಬ್ಬಿ ಹೊಲಿಗೆ ಬಿಡುತ್ತೆ.

ನಿಮ್ಮ ಹಳೇ ಟ್ಯಾಂಕನ್ನೇ ವೆಲ್ಡ್ ಮಾಡಿಸೋಣ ಅನಿಸಿದರೆ ಒಂದು ಮಾತು. ಖಾಲಿ ಟ್ಯಾಂಕ್ ತುಂಬಿದ ಟ್ಯಾಂಕಿಗಿಂತ ಅಪಾಯ, ಒಳಗಿರೋದು ಆವಿ ಮತ್ತು ಗಾಳಿ. ಡೀಸೆಲ್ ಸುಲಭಕ್ಕೆ ಹತ್ತಲ್ಲ ಅಂತ ಧೈರ್ಯ ಮಾಡಬೇಡಿ, ನಮ್ಮ ದೇಶದ ಡೀಸೆಲ್‌ಗೆ ಫ್ಲ್ಯಾಶ್ ಪಾಯಿಂಟ್ (ಆವಿ ಹೊತ್ತಿಕೊಳ್ಳುವ ಬಿಸಿ) ಕನಿಷ್ಠ 35 ಡಿಗ್ರಿ ಅಷ್ಟೇ, ಗ್ಯಾಸಿನ ಬೆಂಕಿ ತಾಗಿದ ತಗಡು ಅದನ್ನು ಕ್ಷಣದಲ್ಲಿ ದಾಟುತ್ತೆ. ಹಬೆಯಲ್ಲಿ ತೊಳೆದು, ಕೆಲಸದ ಜಾಗ ಬಿಟ್ಟು ಉಳಿದಿದ್ದಕ್ಕೆ ನೀರು ತುಂಬಿ, ಎಲ್ಲಾ ಬಾಯಿ ತೆರೆದಿಟ್ಟೇ ಮಾಡುವವರ ಹತ್ತಿರ ಮಾತ್ರ ಕೊಡಿ. ಪಟ್ಟಿ ಕೂರುವ ಜಾಗ ತಿಂದಿದ್ದರೆ ಸುತ್ತಲೂ ತಗಡು ತೆಳುವಾಗಿರುತ್ತೆ, ಒಂದು ಕಡೆ ಮುಚ್ಚಿದರೆ ಪಕ್ಕದಲ್ಲಿ ಬಿಡುತ್ತೆ. ನಿಮ್ಮದಕ್ಕೆ ಬೇರೆ ಟ್ಯಾಂಕೇ ಸರಿ. ಹೊಸದಾಗಿ ಮಾಡಿಸ್ತೀನಿ ಅಂದರೂ ಜಿಐ ತಗಡು ಬೇಡ. ಅದರ ಸತುವು ಡೀಸೆಲ್ ಜೊತೆ ಸೇರಿ ಸೋಪಿನಂಥ ಜಿಗುಟಾಗಿ ಫಿಲ್ಟರ್, ನೋಜಲ್ ಕಟ್ಟುತ್ತೆ.

ಕೂರಿಸುವಾಗ: ಟ್ಯಾಂಕ್ 18 ಸೆಂ.ಮೀ. ಉದ್ದ ಜಾಸ್ತಿ, ಹಾಗಾಗಿ ಬ್ರಾಕೆಟ್ ಜಾಗ ಬದಲಾಗುತ್ತೆ. ಚಾಸಿಯ ನಿಂತ ಗೋಡೆಗೆ ಮಾತ್ರ ತೂತು, ಮೇಲಿನ ಕೆಳಗಿನ ಅಂಚಿಗೆ ಡ್ರಿಲ್ ತಾಗಿಸಬೇಡಿ, ಲೋಡಿನ ಎಳೆತ ಎಲ್ಲಾ ಅಲ್ಲೇ, ಬಿರುಕು ಶುರುವಾಗೋದೂ ಅಲ್ಲೇ. ಚಾಸಿಗೆ ಬ್ರಾಕೆಟ್ ವೆಲ್ಡ್ ಮಾಡಬೇಡಿ, ಬೋಲ್ಟ್ ಹಾಕಿ. ತುಂಬಿದ ಟ್ಯಾಂಕಿನ ಡೀಸೆಲ್ಲೇ 50 ಕೆ.ಜಿ., ಎರಡು ಪಟ್ಟಿ ಸಾಲದು, ಉದ್ದದ ಟ್ಯಾಂಕಿಗೆ ಮೂರನೇದು ಹಾಕಿ. ಪಟ್ಟಿಯ ಅಡಿಗೆ ಗಟ್ಟಿ ರಬ್ಬರ್, ಪೂರ್ತಿ ಉದ್ದಕ್ಕೆ. ಗೋಣಿ, ಹಳೇ ಟ್ಯೂಬಿನ ತುಂಡು ಬೇಡ, ಅದು ನೀರು ಹಿಡಿದುಕೊಳ್ಳುತ್ತೆ, ಗೊಬ್ಬರ ಹೊತ್ತ ಗಾಡಿಯಾದರೆ ಉಪ್ಪನ್ನೂ ಹಿಡಿಯುತ್ತೆ. ನಿಮ್ಮ ಹಳೇ ಟ್ಯಾಂಕ್ ಪಟ್ಟಿಯ ಜಾಗದಲ್ಲೇ ತಿಂದಿದ್ದೂ ಇದಕ್ಕೇ. ರಬ್ಬರ್ ಸ್ವಲ್ಪ ಅಮುಕುವಷ್ಟು ಬಿಗಿ ಮಾಡಿ ಎರಡನೇ ನಟ್ ಲಾಕ್ ಹಾಕಿ.

ಸೈಲೆನ್ಸರ್ ಪೈಪ್, ಪ್ರೊಪೆಲ್ಲರ್ ಶಾಫ್ಟ್, ಹಿಂದಿನ ಪ್ಲೇಟ್ ಸ್ಪ್ರಿಂಗ್ ಮೂರರಿಂದಲೂ ಜಾಗ ಬೇಕು. ಖಾಲಿ ಗಾಡಿಯಲ್ಲಿ ನೋಡಿ ತೀರ್ಮಾನ ಮಾಡಬೇಡಿ. ಟ್ಯಾಂಕಿನ ಹತ್ತಿರದ ಮೂಲೆಗಳಿಗೆ ಎರಡು ಬೆರಳು ದಪ್ಪ ಜೇಡಿಮಣ್ಣಿನ ಉಂಡೆ ಅಂಟಿಸಿ, ಪೂರ್ತಿ ಲೋಡ್ ಹಾಕಿ, ಗುಂಡಿ ಇರುವ ರಸ್ತೆಯಲ್ಲಿ ಒಂದೆರಡು ಕಿ.ಮೀ. ಓಡಿಸಿ. ಮಣ್ಣು ಚಪ್ಪಟೆಯಾಗಿದ್ದರೆ ಎಷ್ಟು ಜಾಗ ಕಮ್ಮಿ ಅಂತ ಅದೇ ಹೇಳುತ್ತೆ.


ಹೊಸನಗರ ಪಿಕಪ್:

ಎಲ್ಲರಿಗೂ ತುಂಬಾ ಉಪಕಾರ ಆಯ್ತು. ಮತ್ತೆ ಹೋಗಿ ನೋಡಿದೆ. ಒಳಗೆ ತೆಳು ತುಕ್ಕು, ಹೊಪ್ಪಳೆ ಇಲ್ಲ, ತಲೆಯ ತೂತು ನಡುವಿನಿಂದ 6 ಸೆಂ.ಮೀ. ಹಿಂದಕ್ಕೆ. ತೂತು ಹಳೇದಕ್ಕಿಂತ ದೊಡ್ಡದು, 6 ಸ್ಕ್ರೂ. ನನ್ನ 5 ಸ್ಕ್ರೂ ಪ್ಲೇಟ್ ಕೂರಿಸೋದು ಹೇಗೆ? ಸಿಲಿಕೋನ್ ಹಾಕಿದರೆ ನಿಲ್ಲುತ್ತಾ? ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಏನಾದರೂ ತಕರಾರು ಬರುತ್ತಾ?


ಡೀಸೆಲ್ ಲೈನ್:

ತೂತು ದೊಡ್ಡದಿರೋದು ನಿಮ್ಮ ಅದೃಷ್ಟ, ಸಣ್ಣದಿದ್ದರೆ ಟ್ಯಾಂಕ್ ಕತ್ತರಿಸಬೇಕಿತ್ತು. ಹಿಂದಕ್ಕೆ ಇರೋದೂ ಏರಿಗೆ ಒಳ್ಳೇದೇ. ಇಳಿಯುವಾಗ ಡೀಸೆಲ್ ಮುಂದಕ್ಕೆ ಹೋಗುತ್ತೆ, ಆಗ ಎಂಜಿನ್ ಕೇಳೋದು ಕಮ್ಮಿ. ಆದರೂ ಗಾಳಿ ಎಳೆದರೆ ಎಳೆದದ್ದೇ, 10 ಲೀಟರಿಗಿಂತ ಕೆಳಗೆ ಘಾಟಿ ಇಳಿಯಬೇಡಿ.

3 ಮಿ.ಮೀ. ಕಬ್ಬಿಣದ ತಟ್ಟೆ ಒಂದು ಲೇತ್‌ನಲ್ಲಿ ಮಾಡಿಸಿ. ಹೊರಗಡೆ ಹೊಸ ಟ್ಯಾಂಕಿನ 6 ತೂತು, ಒಳಗಡೆ ನಿಮ್ಮ 5 ತೂತಿನ ಮರೆ. 5ರ ತೂತುಗಳು ಸಮ ದೂರದಲ್ಲಿ ಇರಲ್ಲ, ಒಂದೇ ದಿಕ್ಕಿನಲ್ಲಿ ಕೂರಲಿ ಅಂತ ಹಾಗೆ ಮಾಡಿರ್ತಾರೆ. ಹಳೇ ಪ್ಯಾಕಿಂಗ್ ಇಟ್ಟೇ ಗುರುತು ಹಾಕಿ, ಕಂಪಾಸಿನಲ್ಲಿ ಐದು ಭಾಗ ಮಾಡಬೇಡಿ. ಫ್ಲೋಟಿನ ಕೈ ಯಾವ ಕಡೆ ಆಡಬೇಕು ಅಂತ ನೋಡಿ ಆಮೇಲೆ ಮರೆ ಹಾಕಿಸಿ. ತಟ್ಟೆಯ ದಪ್ಪ, ಎರಡು ಪ್ಯಾಕಿಂಗಿನ ದಪ್ಪ ಸೇರಿ ತಲೆ 6–8 ಮಿ.ಮೀ. ಮೇಲೇಳುತ್ತೆ. ಪೈಪ್ ಕತ್ತರಿಸುವ ಮೊದಲು ಅದನ್ನು ಸೇರಿಸಿ ಅಳೆಯಿರಿ.

ಪ್ಯಾಕಿಂಗ್ ನೈಟ್ರೈಲ್ ರಬ್ಬರ್ ಅಥವಾ ನೈಟ್ರೈಲ್ ಕಾರ್ಕ್. ಬಾತ್‌ರೂಮ್ ಸಿಲಿಕೋನ್ ಡೀಸೆಲ್‌ನಲ್ಲಿ ಉಬ್ಬಿ ಕಿತ್ತು ಬರುತ್ತೆ, ಆ ಚೂರು ಎಳೆಯುವ ಜಾಲರಿಗೆ ಅಂಟಿಕೊಳ್ಳುತ್ತೆ. ಸ್ಕ್ರೂಗಳನ್ನು ಎದುರು ಬದುರು ಸ್ವಲ್ಪ ಸ್ವಲ್ಪವೇ ಬಿಗಿ ಮಾಡಿ.

ಎಲ್ಲಾ ಕೂರಿಸಿದ ಮೇಲೆ 20 ಲೀಟರ್ ಹಾಕಿ. ಫಿಲ್ಟರಿನ ಏರ್ ಸ್ಕ್ರೂ ಸಡಿಲಿಸಿ ಕೈಪಂಪ್ ಹೊಡೆಯಿರಿ, ಗುಳ್ಳೆ ನಿಂತು ಬರೀ ಡೀಸೆಲ್ ಬಂದ ಮೇಲೆ ಬಿಗಿ ಮಾಡಿ. ಆಮೇಲೂ ಹಿಡಿಯದಿದ್ದರೆ ನೋಜಲ್ ಪೈಪಿನ ನಟ್ ಒಂದೊಂದಾಗಿ ಅರ್ಧ ಸುತ್ತು ಸಡಿಲಿಸಿ ಸೆಲ್ಫ್ ಹೊಡೆಯಿರಿ. ಇದು ನಿಮ್ಮ ಮೆಕ್ಯಾನಿಕಲ್ ಪಂಪಿಗೆ ಮಾತ್ರ. ಓದುತ್ತಿರುವ ಬೇರೆಯವರಿಗೆ: ಕಾಮನ್ ರೈಲ್ ಗಾಡಿಯಲ್ಲಿ ಆ ನಟ್ ಮುಟ್ಟಲೇಬೇಡಿ. ಸಾವಿರ ಬಾರ್ ದಾಟುವ ಒತ್ತಡದ ಡೀಸೆಲ್ ಚರ್ಮ ಸೀಳಿ ಒಳಗೆ ಹೋಗುತ್ತೆ.

ಎಫ್‌ಸಿ: 8 ವರ್ಷ ದಾಟಿದ ಸಾಗಣೆ ಗಾಡಿಗೆ ಪ್ರತಿ ವರ್ಷ ಇದ್ದೇ ಇದೆ, ಸೋರಿಕೆ ಇದ್ದರೆ ನಿಲ್ಲಿಸ್ತಾರೆ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಹೇಳೋದು ಆರ್‌ಸಿಯಲ್ಲಿರುವ ವಿವರಕ್ಕೆ ವ್ಯತ್ಯಾಸ ಬರುವ ಬದಲಾವಣೆ ಬಗ್ಗೆ. ಅದೇ ಇಂಧನ, ಅದೇ ಲೀಟರ್, ಒಂದೇ ಟ್ಯಾಂಕ್. ಹಳೇದನ್ನೂ ಬಿಟ್ಟು ಎರಡನೇ ಟ್ಯಾಂಕಾಗಿ ಮಾತ್ರ ಹಾಕಬೇಡಿ.


ವೈರಿಂಗ್ ಶಿವಮೊಗ್ಗ:

ಒಂದು ಸೇರಿಸ್ತೀನಿ. ಡೀಸೆಲ್ ತುಂಬುವಾಗ ಖಾಲಿಯಿಂದ ಶುರು ಮಾಡಿ 5 ಲೀಟರ್, 10, 20, 30, 45, ಫುಲ್ ಅಂತ ಅಳತೆ ಕ್ಯಾನಿನಲ್ಲಿ ಹಾಕ್ತಾ, ಪ್ರತಿ ಸಲ ಮುಳ್ಳು ಎಲ್ಲಿ ನಿಂತಿತು ಅಂತ ಡ್ಯಾಶ್‌ಬೋರ್ಡಿನಲ್ಲೇ ಚೀಟಿ ಅಂಟಿಸಿ. ಗಾಡಿ ಸಮತಟ್ಟಲ್ಲಿ ಇರಬೇಕು. 10 ಲೀಟರಿನ ಗುರುತಿಗೆ ಕೆಂಪು ಹಚ್ಚಿ.


ಸಾಗರ ಸಿಆರ್‌ಡಿಐ:

ಇದೇ ಕೆಲಸ ಉಲ್ಟಾ ಮಾಡೋಕೆ ಹೊರಟವರು ಇಲ್ಲಿದ್ದರೆ, ಅಂದ್ರೆ ಹಳೇ ಡಿಐ ಟ್ಯಾಂಕನ್ನು ಕಾಮನ್ ರೈಲ್ ಗಾಡಿಗೆ, ದಯವಿಟ್ಟು ಬೇಡ. ಆ ಇಂಜೆಕ್ಟರಿನೊಳಗಿನ ಸಂದು ಕೆಲವೇ ಮೈಕ್ರಾನ್, ಪಂಪಿಗೆ ಎಣ್ಣೆಯಾಗಿ ಕೆಲಸ ಮಾಡೋದೂ ಡೀಸೆಲ್ಲೇ. ಹಳೇ ಟ್ಯಾಂಕಿನ ತುಕ್ಕು, ನೀರು ಹೋದರೆ ಪಂಪ್ ಸವೆದು, ಅದರ ಲೋಹದ ಚೂರು ರೈಲು, ಇಂಜೆಕ್ಟರ್ ಎಲ್ಲಾ ಹಾಳು ಮಾಡುತ್ತೆ. ವಾಪಸ್ ಬರುವ ಡೀಸೆಲ್ ಕೂಡ ಬಿಸಿ, ಪ್ರಮಾಣವೂ ಜಾಸ್ತಿ, ಹಳೇ ತಲೆಯ ಸಣ್ಣ ವಾಪಸ್ ಪೈಪಿಗೆ ಅದು ಹಿಡಿಯಲ್ಲ.


ತೀರ್ಥಹಳ್ಳಿ ಟಿಂಕರ್:

ತೊಳೆದ ಟ್ಯಾಂಕ್ ಎಷ್ಟು ಚೊಕ್ಕ ಕಂಡರೂ ಮೊದಲ ವಾರ ತುಕ್ಕಿನ ಪುಡಿ ಬಂದೇ ಬರುತ್ತೆ. ಟ್ಯಾಂಕಿಗೂ ಫೀಡ್ ಪಂಪಿಗೂ ನಡುವೆ ಒಂದು ಪಾರದರ್ಶಕ ಸಣ್ಣ ಫಿಲ್ಟರ್ ಹಾಕಿ, ಕಣ್ಣಿಗೆ ಕಾಣುತ್ತೆ. 300 ಕಿ.ಮೀ. ಆದ ಮೇಲೆ ಅದನ್ನು ಎಸೆದು ಮೇನ್ ಫಿಲ್ಟರ್ ಬದಲಿಸಿ, ಪಟ್ಟಿ ನಟ್ ಇನ್ನೊಮ್ಮೆ ಬಿಗಿ ನೋಡಿ, ರಬ್ಬರ್ ಅಷ್ಟರಲ್ಲಿ ಕೂತಿರುತ್ತೆ. ಮಳೆಗಾಲದಲ್ಲಿ ವಾರಕ್ಕೊಮ್ಮೆ ಫಿಲ್ಟರಿನ ತಳದ ಸ್ಕ್ರೂ ಬಿಚ್ಚಿ ಅರ್ಧ ಲೋಟ ತೆಗೆದು ಗಾಜಿನ ಬಾಟಲಿಯಲ್ಲಿ ನಿಲ್ಲಿಸಿ, ನೀರಿದ್ದರೆ ತಳದಲ್ಲಿ ಬೇರೆ ಕಾಣುತ್ತೆ. ರಾತ್ರಿ ಗಾಡಿ ನಿಲ್ಲಿಸುವಾಗ ಟ್ಯಾಂಕ್ ತುಂಬಿಸಿಯೇ ನಿಲ್ಲಿಸಿ, ಒಳಗಿನ ಗಾಳಿ ತಣ್ಣಗಾಗಿ ಗೋಡೆಗೆ ಹನಿ ಕಟ್ಟೋದು ಖಾಲಿ ಜಾಗ ಇದ್ದಷ್ಟೂ ಜಾಸ್ತಿ.